ಊದುವ ಮೊದಲೇ ಪೊಲೀಸರು ಏನೆಲ್ಲ ನೋಡಿರುತ್ತಾರೆ?

ಶನಿವಾರ ರಾತ್ರಿ ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲೋ ಸವಳಂಗ ರಸ್ತೆಯಲ್ಲೋ ಬ್ಯಾರಿಕೇಡ್ ಬಿದ್ದರೆ ಸಾಕು, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುದ್ದಿ ಓಡುತ್ತದೆ. 'ಊದಿಸ್ತಿದ್ದಾರೆ, ಆ ಕಡೆ ಬರಬೇಡಿ.' ಅದರ ಹಿಂದೆಯೇ ಸಲಹೆಗಳೂ ಬರುತ್ತವೆ. ಏಲಕ್ಕಿ ಅಗಿ, ಎಲೆ ಅಡಿಕೆ ಹಾಕು, ಮೆಲ್ಲಗೆ ಊದು, ಊದಲ್ಲ ಅಂತ ಹೇಳಿಬಿಡು. ಇವುಗಳಲ್ಲಿ ಒಂದೂ ಕೆಲಸಕ್ಕೆ ಬರುವುದಿಲ್ಲ. ಕೊನೆಯದಂತೂ ಕೇಸನ್ನು ಇನ್ನಷ್ಟು ಬಿಗಿ ಮಾಡುತ್ತದೆ.

ಕುಡಿದು ಗಾಡಿ ಓಡಿಸುವವರನ್ನು ಹಿಡಿಯುವ ಈ ತಪಾಸಣೆ ಹೇಗೆ ನಡೆಯುತ್ತದೆ ಅನ್ನುವುದು ಕುಡಿಯುವವರಿಗೆ ಮಾತ್ರ ಬೇಕಾದ ವಿಷಯವಲ್ಲ. ಕುಡಿಯದವರನ್ನೂ ನಿಲ್ಲಿಸುತ್ತಾರೆ. ಬಾಡಿಗೆ ಕಾರಿನಲ್ಲಿ ಹಿಂದೆ ಕೂತವರಿಗೂ ಮುಂದೆ ಸ್ಟಿಯರಿಂಗ್ ಹಿಡಿದವರ ಸ್ಥಿತಿ ಗೊತ್ತಾಗಬೇಕು. ಇಡೀ ವಿಷಯದಲ್ಲಿ ಮೊದಲು ತಿಳಿಯಬೇಕಾದದ್ದು ಇಷ್ಟೇ: ಪೊಲೀಸರು ಕಣ್ಣಲ್ಲಿ ನೋಡುವುದು, ಮೂಗಲ್ಲಿ ಗ್ರಹಿಸುವುದು ಬರೀ ಅನುಮಾನಕ್ಕೆ ಕಾರಣ. ಕೇಸು ನಿಲ್ಲುವುದು ಯಂತ್ರ ಅಥವಾ ರಕ್ತ ಕೊಡುವ ಅಂಕಿಯ ಮೇಲೆ.

ಇದನ್ನು ಸುಪ್ರೀಂ ಕೋರ್ಟ್ 1971ರಷ್ಟು ಹಿಂದೆಯೇ ಹೇಳಿದೆ. ಬಚುಭಾಯ್ ಹಸನಲ್ಲಿ ಕಾರ್ಯಾನಿ ಪ್ರಕರಣದಲ್ಲಿ ಚಾಲಕನ ಬಾಯಿ ವಾಸನೆ ಬರುತ್ತಿತ್ತು, ನಡಿಗೆ ತೂರಾಡುತ್ತಿತ್ತು, ಮಾತು ತೊದಲುತ್ತಿತ್ತು, ಕಣ್ಣಿನ ಪಾಪೆ ಹಿಗ್ಗಿತ್ತು. ಇಷ್ಟರಿಂದಲೇ ಆತ ಕುಡಿದಿದ್ದ ಅಂತ ತೀರ್ಮಾನಿಸಲು ಆಗುವುದಿಲ್ಲ, ರಕ್ತವನ್ನೋ ಮೂತ್ರವನ್ನೋ ಪರೀಕ್ಷೆ ಮಾಡಿಸಬೇಕಿತ್ತು ಅಂತ ಕೋರ್ಟ್ ಹೇಳಿತು. ಹಾಗಂತ ಪೊಲೀಸರ ನೋಟಕ್ಕೆ ಬೆಲೆ ಇಲ್ಲ ಅಂತಲ್ಲ. ಮೋಟಾರು ವಾಹನ ಕಾಯ್ದೆಯ 203ನೇ ಸೆಕ್ಷನ್ ಪ್ರಕಾರ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಅನುಮಾನ ಪಡಲು ತಕ್ಕ ಕಾರಣ ಇದ್ದಾಗ ಊದಿ ಅಂತ ಕೇಳುವ ಅಧಿಕಾರ ಬರುತ್ತದೆ. ಆ ಕಾರಣ ಹುಟ್ಟುವುದೇ ನೋಟದಿಂದ.

ದೂರದಿಂದಲೇ ಶುರು

ನಿಮ್ಮ ಗಾಡಿ ಬ್ಯಾರಿಕೇಡ್ ಹತ್ತಿರ ಬರುವ ಮೊದಲೇ ಗಮನಿಸುವುದು ಶುರುವಾಗಿರುತ್ತದೆ. ಗಾಡಿ ಸೀದಾ ಬರುತ್ತಿದೆಯಾ, ಆ ಬದಿ ಈ ಬದಿ ವಾಲುತ್ತಿದೆಯಾ? ರಾತ್ರಿಯಾದರೂ ಹೆಡ್‌ಲೈಟ್ ಹಾಕಿಲ್ಲವಾ? ಎದುರಿನಿಂದ ವಾಹನ ಬಂದಾಗ ಡಿಮ್ ಮಾಡುತ್ತಾರಾ? ಬಲಕ್ಕೆ ಇಂಡಿಕೇಟರ್ ಹಾಕಿ ಎಡಕ್ಕೆ ತಿರುಗಿದರಾ? ಖಾಲಿ ರಸ್ತೆಯಲ್ಲಿ ಇಪ್ಪತ್ತರ ವೇಗದಲ್ಲಿ ತೆವಳುತ್ತಿರುವವರೂ ಕಣ್ಣಿಗೆ ಬೀಳುತ್ತಾರೆ. ಜಾಸ್ತಿ ಕುಡಿದವರೆಲ್ಲ ಜೋರಾಗಿ ಓಡಿಸುವುದಿಲ್ಲ. ತನ್ನ ಸ್ಥಿತಿ ಗೊತ್ತಿರುವ ಮನುಷ್ಯ ಭಯದಿಂದ ತೀರಾ ನಿಧಾನವಾಗಿ, ರಸ್ತೆಯ ನಡುಗೆರೆಗೆ ಅಂಟಿಕೊಂಡು ಬರುವುದೂ ಉಂಟು.

ಬ್ಯಾರಿಕೇಡ್ ಕಂಡ ಕ್ಷಣದಲ್ಲಿ ಏನಾಗುತ್ತದೆ ಅನ್ನುವುದು ಇನ್ನೂ ಮುಖ್ಯ. ತಕ್ಷಣ ಬ್ರೇಕ್ ಬೀಳುವುದು, ಗಾಡಿ ಹಿಂದೆ ತಿರುಗುವುದು, ಪಕ್ಕದ ಗಲ್ಲಿಗೆ ನುಗ್ಗುವುದು, ಲೈಟ್ ಆರಿಸಿ ಡ್ರೈವರ್ ಸೀಟಿನಿಂದ ಪಕ್ಕದ ಸೀಟಿಗೆ ಜರುಗುವುದು. ಇದಕ್ಕೋಸ್ಕರವೇ ಬ್ಯಾರಿಕೇಡ್‌ನಿಂದ ಸ್ವಲ್ಪ ಹಿಂದೆ ಒಬ್ಬರನ್ನು ನಿಲ್ಲಿಸುವ ರೂಢಿ ಇದೆ.

ಬೈಕ್ ಸವಾರರಲ್ಲಿ ಲಕ್ಷಣ ಬೇಗ ಕಾಣುತ್ತದೆ. ಎರಡು ಚಕ್ರದ ಮೇಲೆ ಸಮತೋಲನ ಕಾಪಾಡುವುದೇ ಒಂದು ಪರೀಕ್ಷೆ. ತಿರುವಿನಲ್ಲಿ ಹೊರಗೆ ಜಾರುವುದು, ನಿಲ್ಲಿಸುವಾಗ ಕಾಲು ತಡಕಾಡುವುದು, ಸೈಡ್ ಸ್ಟ್ಯಾಂಡ್ ಹಾಕದೆಯೇ ಇಳಿಯಲು ಹೋಗುವುದು, ಬೈಕ್ ನಿಲ್ಲಿಸಲು ಎರಡು ಮೂರು ಸಲ ಯತ್ನಿಸುವುದು. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಕಾರುಗಳಿಗೆ ಒಂದು, ಮೋಟಾರ್‌ಸೈಕಲ್‌ಗಳಿಗೆ ಇನ್ನೊಂದು ಅಂತ ಇಂಥ ಲಕ್ಷಣಗಳ ಪಟ್ಟಿಯನ್ನೇ ಮಾಡಿದೆ. ತಿರುವಿನಲ್ಲಿ ಜಾರುವುದು, ಇಳಿಯುವಾಗ ತಡವರಿಸುವುದು, ನಿಂತಾಗ ವಾಲುವುದು ಆ ಬೈಕ್ ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲೇ ಇವೆ.

ಆದರೆ ಬೇರೆ ಊರಿನ ಪಟ್ಟಿಯನ್ನು ಮಲೆನಾಡಿಗೆ ಹಾಗೇ ತಂದರೆ ಸರಿಹೋಗುವುದಿಲ್ಲ. ಗಾಡಿ ವಾಲಾಡುವುದು ಅಲ್ಲಿ ದೊಡ್ಡ ಸುಳಿವು. ನಮ್ಮ ಕಡೆ ಜುಲೈ, ಆಗಸ್ಟ್‌ನಲ್ಲಿ ರಿಪ್ಪನ್‌ಪೇಟೆ, ಹೊಸನಗರದ ಕಡೆ ಹೋದರೆ ಹೊಂಡ ತಪ್ಪಿಸಲು ಎಲ್ಲರೂ ಹಾವಿನಂತೆಯೇ ಹೋಗುತ್ತಾರೆ. ರಸ್ತೆ ಮಧ್ಯೆ ದನ ಮಲಗಿರುತ್ತದೆ, ಮುರಿದ ಕೊಂಬೆ ಬಿದ್ದಿರುತ್ತದೆ. ಮಂಜು ಇಳಿದಾಗ ಬಿಳಿ ಗೆರೆಯೇ ಕಾಣುವುದಿಲ್ಲ. ಹಾಗಾಗಿ ಇಲ್ಲಿ ನೋಡಬೇಕಾದದ್ದು ಗಾಡಿ ತಿರುಗಿತಾ ಅನ್ನುವುದಕ್ಕಿಂತ, ತಿರುಗಲು ಕಾರಣ ಇತ್ತಾ ಅನ್ನುವುದು. ಅನುಭವ ಇರುವ ಪೇದೆಗೆ ಈ ವ್ಯತ್ಯಾಸ ತಿಳಿಯುತ್ತದೆ. ಹೊಸಬರಿಗೆ ಇದನ್ನು ಕಲಿಸಬೇಕು.

ಕಿಟಕಿ ಇಳಿಸಿದ ಮೇಲೆ

ಮೊದಲ ಪ್ರಶ್ನೆ ಸಾಮಾನ್ಯವಾಗಿ ತೀರಾ ಸರಳ. ಎಲ್ಲಿಂದ ಬರ್ತಿದೀರಾ, ಎಲ್ಲಿಗೆ ಹೋಗ್ತಿದೀರಾ? ಲೈಸೆನ್ಸ್, ಆರ್‌ಸಿ, ಇನ್ಶೂರೆನ್ಸ್ ತೋರಿಸಿ. ಉತ್ತರಕ್ಕಿಂತ ಉತ್ತರ ಬರುವ ರೀತಿಯನ್ನು ಅವರು ಗಮನಿಸುತ್ತಿರುತ್ತಾರೆ. ಮಾತು ತೊದಲುತ್ತದೆಯಾ, ಒಂದೇ ಮಾತು ಮತ್ತೆ ಮತ್ತೆ ಬರುತ್ತದೆಯಾ, ಮೂರು ಕಾಗದ ಕೇಳಿದರೆ ಒಂದು ಕೊಟ್ಟು ಉಳಿದೆರಡನ್ನು ಮರೆಯುತ್ತಾರಾ, ಪರ್ಸ್‌ನಲ್ಲಿ ಕಣ್ಣೆದುರೇ ಇರುವ ಲೈಸೆನ್ಸನ್ನು ದಾಟಿ ಹುಡುಕುತ್ತಾರಾ. ಡಿಜಿಲಾಕರ್‌ನಲ್ಲಿ ದಾಖಲೆ ತೋರಿಸಿದರೂ ನಡೆಯುತ್ತದೆ. ಆದರೆ ಮೊಬೈಲ್ ತೆರೆದು, ಪಾಸ್‌ವರ್ಡ್ ಹಾಕಿ, ಸರಿಯಾದ ಕಾಗದ ಹುಡುಕುವುದಕ್ಕೂ ನೆಟ್ಟಗಿನ ಗಮನ ಬೇಕಲ್ಲ.

ಇದರ ಹಿಂದೆ ಒಂದು ತಿಳಿವಳಿಕೆ ಇದೆ. ಮದ್ಯ ಮೊದಲು ಕೆಡಿಸುವುದು ಎರಡು ಕೆಲಸವನ್ನು ಒಟ್ಟಿಗೆ ಮಾಡುವ ಶಕ್ತಿಯನ್ನು. ಒಂದೇ ಕೆಲಸವಾದರೆ ಅಲ್ಪಸ್ವಲ್ಪ ಕುಡಿದವರೂ ಚೆನ್ನಾಗಿಯೇ ಮಾಡುತ್ತಾರೆ. ಮಾತಾಡುತ್ತಾ ಹುಡುಕಬೇಕು, ಕೇಳುತ್ತಾ ನೆನಪಿಡಬೇಕು ಅಂದಾಗ ಎಡವುತ್ತಾರೆ. ಗಾಡಿ ಓಡಿಸುವುದೂ ಅಂಥದ್ದೇ ಕೆಲಸ ತಾನೇ? ಕಣ್ಣು ರಸ್ತೆ ಮೇಲೆ, ಕೈ ಸ್ಟಿಯರಿಂಗ್ ಮೇಲೆ, ಕಾಲು ಬ್ರೇಕ್ ಮೇಲೆ, ಲೆಕ್ಕ ಎದುರಿನ ಗಾಡಿಯ ಮೇಲೆ.

ವಾಸನೆ, ಕೆಂಪು ಕಣ್ಣು, ಬೆವರು, ಇಳಿದು ನಿಂತಾಗ ಬಾಗಿಲಿಗೆ ಒರಗುವುದು, ಸೀಟಿನ ಕೆಳಗಿನ ಬಾಟಲಿ, ಡ್ಯಾಶ್‌ಬೋರ್ಡ್ ಮೇಲಿನ ಪ್ಲಾಸ್ಟಿಕ್ ಲೋಟ. ಇವೂ ಲೆಕ್ಕಕ್ಕೆ ಬರುತ್ತವೆ. ಆದರೆ ವಾಸನೆ ಎಷ್ಟು ಕುಡಿದಿದ್ದಾರೆ ಅನ್ನುವುದನ್ನು ಹೇಳುವುದಿಲ್ಲ. ಮದ್ಯಕ್ಕೆ ತನ್ನದೇ ಆದ ವಾಸನೆ ಕಡಿಮೆ, ಅದರ ಜೊತೆಗಿರುವ ಇತರ ಅಂಶಗಳದ್ದೇ ಜಾಸ್ತಿ. ಬಿಯರ್ ಕುಡಿದವರ ಹತ್ತಿರ ಗಾಢವಾಗಿ ಬರುತ್ತದೆ, ವೋಡ್ಕಾ ಕುಡಿದವರ ಹತ್ತಿರ ಅಷ್ಟಾಗಿ ಬರುವುದಿಲ್ಲ.

ಇಲ್ಲೇ ನಾನು ಸ್ವಲ್ಪ ನಿಲ್ಲಬೇಕು. ಕುಡಿದವರಂತೆ ಕಾಣುವ, ಆದರೆ ಕುಡಿಯದ ಜನರೂ ರಸ್ತೆಯಲ್ಲಿರುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ರಕ್ತದ ಸಕ್ಕರೆ ಏಕಾಏಕಿ ಇಳಿದರೆ ಬೆವರು, ನಡುಕ, ತೊದಲು, ಗೊಂದಲ ಎಲ್ಲ ಬರುತ್ತವೆ. ಸಕ್ಕರೆ ತೀರಾ ಏರಿ ಕೀಟೋನ್ ಜಾಸ್ತಿಯಾದರೆ ಉಸಿರಿಗೆ ಹಣ್ಣು ಕೊಳೆತಂಥ ವಾಸನೆ ಬರುತ್ತದೆ. ಪಾರ್ಶ್ವವಾಯು ಶುರುವಾಗುತ್ತಿರುವವರ ಮಾತು, ನಡಿಗೆ ಕುಡುಕರದ್ದೇ ಅನ್ನಿಸುತ್ತದೆ. ಬಿದ್ದು ತಲೆಗೆ ಪೆಟ್ಟಾದವರದ್ದೂ ಹಾಗೆಯೇ. ಅಡಿಕೆ ಬೇಯಿಸುವ ಒಲೆಯ ಮುಂದೆ ಸಂಜೆಯಿಡೀ ಕೂತವರ ಕಣ್ಣು ಹೊಗೆಗೆ ಕೆಂಡದ ಹಾಗೆ ಇರುತ್ತದೆ. ರಾತ್ರಿಯಿಡೀ ಲಾರಿ ಓಡಿಸಿದ ಚಾಲಕನ ಕಣ್ಣೂ ಅಷ್ಟೇ. ಒಬ್ಬ ಮನುಷ್ಯ ತೊದಲುತ್ತಿದ್ದಾನೆ, ಆದರೆ ಯಂತ್ರ ಸೊನ್ನೆ ತೋರಿಸುತ್ತಿದೆ ಅಂದರೆ 'ಬಿಡಿ, ಹೋಗ್ಲಿ' ಅನ್ನುವ ಹೊತ್ತು ಅದಲ್ಲ. ಆಸ್ಪತ್ರೆಗೆ ಕಳಿಸಬೇಕಾದ ಹೊತ್ತು. ಆ ಒಂದು ನಿರ್ಧಾರ ಜೀವ ಉಳಿಸಬಹುದು.

ವಿದೇಶಿ ವಿಡಿಯೊಗಳಲ್ಲಿ ಪೊಲೀಸರು ಗೆರೆಯ ಮೇಲೆ ನಡೆಸುವುದನ್ನು, ಒಂಟಿ ಕಾಲಲ್ಲಿ ನಿಲ್ಲಿಸುವುದನ್ನು ಅನೇಕರು ನೋಡಿರುತ್ತೀರಿ. ಅದು ಅಮೆರಿಕದ ಪದ್ಧತಿ. 1970ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನಡೆದ ಸಂಶೋಧನೆಯಿಂದ ಬಂದ ಮೂರು ಪರೀಕ್ಷೆಗಳು. ಒಂದರಲ್ಲಿ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ಒಂಬತ್ತು ಹೆಜ್ಜೆ ಹೋಗಿ ತಿರುಗಿ ಬರಬೇಕು. ಇನ್ನೊಂದರಲ್ಲಿ 30 ಸೆಕೆಂಡ್ ಒಂಟಿ ಕಾಲಲ್ಲಿ ನಿಲ್ಲಬೇಕು. ಮೂರನೆಯದು ಕಣ್ಣಿನದು. ಪೆನ್ನನ್ನು ಮುಖದ ಮುಂದೆ ಪಕ್ಕಕ್ಕೆ ಸರಿಸುತ್ತಾ ಹೋದಾಗ ಕುಡಿದವರ ಕಣ್ಣುಗುಡ್ಡೆ ತಡೆತಡೆದು ಅದುರುತ್ತದೆ. ಇದನ್ನು ಬೇಕೆಂದರೂ ತಡೆಯಲು ಆಗುವುದಿಲ್ಲ. ನಮ್ಮ ಕಾಯ್ದೆಯಲ್ಲಿ ರಸ್ತೆ ಬದಿಯ ಈ ಕಸರತ್ತುಗಳಿಗೆ ಜಾಗ ಇಲ್ಲ. ಇಲ್ಲಿ ನಡಿಗೆ, ಪಾಪೆ, ಮಾತು ನೋಡಿ ಬರೆದುಕೊಳ್ಳುವುದು ವೈದ್ಯರ ಕೆಲಸ, ಅದೂ ಆಸ್ಪತ್ರೆಯಲ್ಲಿ.

ಕೊಳವೆ ಮತ್ತು ಅಂಕಿ

ಮದ್ಯ ಹೊಟ್ಟೆ, ಕರುಳಿನಿಂದ ರಕ್ತಕ್ಕೆ ಹೋಗುತ್ತದೆ. ರಕ್ತ ಶ್ವಾಸಕೋಶಕ್ಕೆ ಬಂದಾಗ ಅದರಲ್ಲಿರುವ ಮದ್ಯದ ಒಂದಂಶ ಆವಿಯಾಗಿ ಉಸಿರಿಗೆ ಸೇರುತ್ತದೆ. ರಕ್ತದಲ್ಲಿ ಎಷ್ಟಿದೆಯೋ ಅದಕ್ಕೆ ತಕ್ಕಷ್ಟೇ ಉಸಿರಿನಲ್ಲಿ ಇರುತ್ತದೆ. ಸುಮಾರು 2,100 ಮಿಲಿಲೀಟರ್ ಉಸಿರಿನಲ್ಲಿ ಇರುವ ಮದ್ಯ ಒಂದು ಮಿಲಿಲೀಟರ್ ರಕ್ತದಲ್ಲಿ ಇರುವುದಕ್ಕೆ ಸಮ ಅಂತ ಯಂತ್ರಗಳು ಲೆಕ್ಕ ಹಾಕುತ್ತವೆ. ಪೊಲೀಸರ ಕೈಯಲ್ಲಿರುವ ಹೆಚ್ಚಿನ ಯಂತ್ರಗಳ ಒಳಗೆ ಪ್ಲಾಟಿನಂ ಲೇಪಿಸಿದ ಒಂದು ಪುಟ್ಟ ಕೋಶ ಇರುತ್ತದೆ. ಮದ್ಯದ ಆವಿ ಅಲ್ಲಿ ಆಮ್ಲಜನಕದ ಜೊತೆ ವರ್ತಿಸಿ ಸಣ್ಣ ವಿದ್ಯುತ್ ಹುಟ್ಟಿಸುತ್ತದೆ. ವಿದ್ಯುತ್ ಜಾಸ್ತಿ ಬಂದಷ್ಟೂ ಅಂಕಿ ಜಾಸ್ತಿ.

ಎಲೆ ಅಡಿಕೆ, ಏಲಕ್ಕಿ, ಪುದೀನ ಯಾಕೆ ಕೆಲಸ ಮಾಡುವುದಿಲ್ಲ ಅಂತ ಈಗ ಗೊತ್ತಾಯಿತಲ್ಲ? ಅವು ಬಾಯಿಯ ವಾಸನೆ ಮುಚ್ಚುತ್ತವೆ. ಯಂತ್ರ ಅಳೆಯುವುದು ಶ್ವಾಸಕೋಶದ ಆಳದಿಂದ ಬಂದ ಗಾಳಿಯನ್ನು. ಅದಕ್ಕೇ 'ನಿಲ್ಲಿಸಬೇಡಿ, ಊದಿ, ಇನ್ನೂ ಊದಿ' ಅಂತ ಒತ್ತಾಯಿಸುವುದು. ತುಟಿ ತುದಿಯಲ್ಲಿ ಊದಿದರೆ ಯಂತ್ರ ಆ ಉಸಿರನ್ನು ತಗೊಳ್ಳುವುದೇ ಇಲ್ಲ, ಮತ್ತೆ ಊದಿ ಅನ್ನುತ್ತದೆ.

ಒಂದು ಕಡೆ ಮಾತ್ರ ಬಾಯಿಯಿಂದ ತಪ್ಪಾಗಬಹುದು. ಊದುವ ಸ್ವಲ್ಪ ಮೊದಲು ಮದ್ಯ ಇರುವ ಏನನ್ನಾದರೂ ಬಾಯಿಗೆ ಹಾಕಿದ್ದರೆ ಅದು ನೇರವಾಗಿ ಯಂತ್ರಕ್ಕೆ ಹೋಗಿ ಅಂಕಿ ಏರುತ್ತದೆ. ಕೆಲವು ಮೌತ್‌ವಾಶ್, ಕೆಲವು ಕೆಮ್ಮಿನ ಔಷಧಿ ಇಂಥವು. ನಮ್ಮ ಮನೆಗಳಲ್ಲಿ ಊಟದ ಮೇಲೆ ಹಿರಿಯರು ತಗೊಳ್ಳುವ ದಶಮೂಲಾರಿಷ್ಟ, ದ್ರಾಕ್ಷಾರಿಷ್ಟಗಳಲ್ಲಿ ಹುದುಗಿನಿಂದ ತಾನಾಗಿ ಹುಟ್ಟಿದ ಮದ್ಯ ಇರುತ್ತದೆ. ಬಾಯಲ್ಲಿ ಉಳಿದದ್ದು ಸುಮಾರು 15 ನಿಮಿಷದಲ್ಲಿ ಹೋಗಿಬಿಡುತ್ತದೆ. ಹಾಗಾಗಿ ಅರಿಷ್ಟ ಕುಡಿದು ಹೊರಟವರು ಅದನ್ನು ಹೇಳಿ, ಕಾಲು ಗಂಟೆ ಬಿಟ್ಟು ಮತ್ತೆ ಊದುತ್ತೇನೆ ಅಂತ ಕೇಳಿಕೊಳ್ಳುವುದು ನ್ಯಾಯವಾದ ಬೇಡಿಕೆ. ಔಷಧಿ ಪ್ರಮಾಣದ ಅರಿಷ್ಟವಾದರೆ ಎರಡನೇ ಸಲ ಅಂಕಿ ಇಳಿದಿರುತ್ತದೆ. ಕ್ವಾರ್ಟರ್ ಕುಡಿದಿದ್ದರೆ ಇಳಿಯುವುದಿಲ್ಲ.

ಕೇಳಬೇಕಾದ ಇನ್ನೆರಡು ಸಂಗತಿಗಳಿವೆ. ಕೊಳವೆ ಹೊಸದೇ ಅಂತ ನೋಡಿ, ನಿಮ್ಮ ಎದುರೇ ಕವರ್ ಬಿಚ್ಚಲಿ. ಯಂತ್ರ ಮುದ್ರಿತ ಚೀಟಿ ಕೊಡುವುದಾದರೆ ಅದರಲ್ಲಿನ ಸಮಯ, ಅಂಕಿ ಓದಿಕೊಂಡು ಸಹಿ ಹಾಕಿ.

ಈಗ ಅಂಕಿಯ ಮಾತು. 185ನೇ ಸೆಕ್ಷನ್ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಮದ್ಯ ಇದ್ದರೆ ಅಪರಾಧ. ಕೆಲವು ಯಂತ್ರ ಇದನ್ನೇ 0.03 ಅಂತ ಶೇಕಡಾದಲ್ಲಿ ತೋರಿಸುತ್ತದೆ, ಎರಡೂ ಒಂದೇ. ಇಂಗ್ಲೆಂಡ್‌ನಲ್ಲಿ ಈ ಮಿತಿ 80, ಸ್ಕಾಟ್ಲೆಂಡ್‌ನಲ್ಲಿ 50. ನಮ್ಮದು ಬಿಗಿ, ಹಾಗೇ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

30 ಅಂದರೆ ಎಷ್ಟು? 65 ಕೆಜಿ ತೂಕದ ಒಬ್ಬ ಗಂಡಸನ್ನು ತೆಗೆದುಕೊಳ್ಳೋಣ. 60 ಮಿಲಿ ವಿಸ್ಕಿಯಲ್ಲಿ ಸುಮಾರು 20 ಗ್ರಾಂ ಶುದ್ಧ ಮದ್ಯ ಇರುತ್ತದೆ. ಅದು ಪೂರ್ತಿ ರಕ್ತಕ್ಕೆ ಸೇರಿದರೆ ಅಂಕಿ 45ರ ಆಸುಪಾಸು. 650 ಮಿಲಿಯ ಒಂದು ಸ್ಟ್ರಾಂಗ್ ಬಿಯರ್‌ನಲ್ಲಿ, ಶೇಕಡಾ 8 ಅಂತ ಲೆಕ್ಕ ಹಿಡಿದರೆ, 41 ಗ್ರಾಂ. ಅಂಕಿ 90ರ ಹತ್ತಿರ. 'ಬರೀ ಒಂದು ಬಿಯರ್' ಅನ್ನುವ ಮಾತು ಎಷ್ಟು ಅಪಾಯದ್ದು ಅಂತ ಇಲ್ಲೇ ಕಾಣುತ್ತದೆ. ಅದು ಮಿತಿಯ ಮೂರು ಪಟ್ಟು. ಹೆಂಗಸರಲ್ಲಿ, ತೂಕ ಕಡಿಮೆ ಇರುವವರಲ್ಲಿ ಅಷ್ಟೇ ಮದ್ಯಕ್ಕೆ ಅಂಕಿ ಇನ್ನೂ ಮೇಲೆ ಹೋಗುತ್ತದೆ. ಊಟ ಮಾಡಿ ಕುಡಿದರೆ ನಿಧಾನವಾಗಿ ಏರುತ್ತದೆ. ಕುಡಿದು ತಕ್ಷಣ ಹೊರಟವರಲ್ಲಿ ಇನ್ನೂ ಏರುತ್ತಿರುತ್ತದೆ. 'ಅಮಲು ಏರೋ ಮೊದಲೇ ಮನೆ ಮುಟ್ತೀನಿ' ಅಂತ ಹೊರಟವರಿಗೆ ದಾರಿಯ ಮಧ್ಯದಲ್ಲೇ ಅದು ತುತ್ತತುದಿಗೆ ಬರುತ್ತದೆ.

ಇಳಿಯುವುದು ಮಾತ್ರ ತೀರಾ ನಿಧಾನ. ಯಕೃತ್ತು ಗಂಟೆಗೆ ಸುಮಾರು 15ರಷ್ಟನ್ನು ಇಳಿಸುತ್ತದೆ, ಕೆಲವರಲ್ಲಿ 10, ಕೆಲವರಲ್ಲಿ 20. ಕಾಫಿ, ಮಜ್ಜಿಗೆ, ನಿಂಬೆ ಶರಬತ್ತು, ತಣ್ಣೀರ ಸ್ನಾನ ಯಾವುದೂ ಈ ವೇಗವನ್ನು ಬದಲಿಸುವುದಿಲ್ಲ. ಬೀಗರೂಟ ಅಂತಲೋ, ಹೋಮ್‌ಸ್ಟೇ ಅಂತಲೋ ರಾತ್ರಿ ಒಂಬತ್ತರಿಂದ ಹನ್ನೆರಡರವರೆಗೆ ಒಂದೂವರೆ ಕ್ವಾರ್ಟರ್, ಅಂದರೆ 270 ಮಿಲಿ ವಿಸ್ಕಿ ಕುಡಿದ ಅದೇ 65 ಕೆಜಿಯ ಮನುಷ್ಯನ ಲೆಕ್ಕ ಮಾಡಿ. ಹನ್ನೆರಡಕ್ಕೆ 160ರ ಹತ್ತಿರ ಇರುತ್ತಾನೆ. ಮಲಗಿ, ಎದ್ದು, ಮುಖ ತೊಳೆದು, ಬೆಳಿಗ್ಗೆ ಆರಕ್ಕೆ ಜೋಗಕ್ಕೋ ಕೊಡಚಾದ್ರಿಗೋ ಹೊರಟಾಗ 70. ಮಿತಿಯ ಎರಡು ಪಟ್ಟಿಗಿಂತ ಜಾಸ್ತಿ. ತಲೆ ಹಗುರ ಅನ್ನಿಸುತ್ತದೆ, ವಾಸನೆಯೂ ಹೋಗಿರುತ್ತದೆ, ತಾನು ಸರಿ ಇದ್ದೇನೆ ಅಂತ ಪ್ರಾಮಾಣಿಕವಾಗಿ ನಂಬಿರುತ್ತಾನೆ. ಬೆಳಗಿನ ಈ ಪ್ರಯಾಣಗಳ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ. ವಾರಾಂತ್ಯದಲ್ಲಿ ಬೆಂಗಳೂರು ಕಡೆಯಿಂದ ಬರುವ ಗಾಡಿಗಳು ತುಂಬಿರುವ ನಮ್ಮ ಜಿಲ್ಲೆಯಲ್ಲಿ ಬೆಳಿಗ್ಗೆಯೂ ಊದಿಸುವುದು ಬೇಕು.

ಅಷ್ಟು ಕಡಿಮೆ ಅಂಕಿಯಲ್ಲಿ ಏನಾಗಿಬಿಡುತ್ತದೆ ಅಂತ ಕೇಳುವವರಿಗೆ ಆಗುಂಬೆ ಘಾಟಿಯನ್ನೇ ತೋರಿಸಬೇಕು. ಹದಿನಾಲ್ಕು ಹೇರ್‌ಪಿನ್ ತಿರುವು. ಗಂಟೆಗೆ 40 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಬ್ರೇಕ್ ಒತ್ತುವುದು ಅರ್ಧ ಸೆಕೆಂಡ್ ತಡವಾದರೆ ಐದೂವರೆ ಮೀಟರ್ ಹೆಚ್ಚು. ಬಯಲುಸೀಮೆಯ ನಾಲ್ಕು ಪಥದ ರಸ್ತೆಯಲ್ಲಿ ಆ ಐದೂವರೆ ಮೀಟರ್ ಸಿಗಬಹುದು. ಘಾಟಿಯ ತಿರುವಿನಲ್ಲಿ ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಣಿವೆ. ಎದುರು ಗಾಡಿಯ ಬೆಳಕು ಕಣ್ಣಿಗೆ ಹೊಡೆದ ಮೇಲೆ ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ಕುಡಿದವರ ಕಣ್ಣಿಗೆ ಜಾಸ್ತಿ ಹೊತ್ತು ಬೇಕು. ಹುಲಿಕಲ್ ಘಾಟಿಯಲ್ಲಿ ಮಂಜು, ಮಳೆ, ಎದುರಿನ ಲಾರಿಯ ಲೈಟ್ ಮೂರೂ ಒಟ್ಟಿಗೆ ಸಿಗುತ್ತವೆ.

ಊದುವುದಿಲ್ಲ ಅಂದರೆ

ಅನುಮಾನಕ್ಕೆ ಕಾರಣ ಇದ್ದು, ಊದಲು ಒಪ್ಪದಿದ್ದರೆ ವಾರಂಟ್ ಇಲ್ಲದೆಯೇ ಬಂಧಿಸುವ ಅಧಿಕಾರ 203ನೇ ಸೆಕ್ಷನ್‌ನಲ್ಲೇ ಇದೆ. ಸುಮ್ನೆ ನಿರಾಕರಿಸಿದರೆ ಆ ನಿರಾಕರಣೆಯನ್ನೇ ನಿಮ್ಮ ವಿರುದ್ಧ ಕೋರ್ಟ್ ಪರಿಗಣಿಸಬಹುದು ಅನ್ನುತ್ತದೆ 205. ಠಾಣೆಗೆ ಕರೆದೊಯ್ದ ಮೇಲೂ ಅಲ್ಲಿ ಊದಲು ಒಂದು ಅವಕಾಶ ಕೊಡಬೇಕು. ಇದು ನಿಮ್ಮ ಹಕ್ಕು. ಯಂತ್ರದ ಮೇಲೆ ನಂಬಿಕೆ ಇಲ್ಲದಿದ್ದರೆ ರಕ್ತ ಪರೀಕ್ಷೆ ಮಾಡಿಸಿ ಅಂತ ಕೇಳಿ. ಅದು ಬುದ್ಧಿವಂತರ ದಾರಿ. ಬರೀ ಜಗಳಕ್ಕೆ ನಿಂತರೆ ಏನೂ ಸಿಗುವುದಿಲ್ಲ.

ಬಂಧಿಸಿದರೆ ಗಡಿಯಾರ ಶುರುವಾಗುತ್ತದೆ. 202ನೇ ಸೆಕ್ಷನ್ ಪ್ರಕಾರ ಕುಡಿದು ಓಡಿಸಿದ ಆರೋಪದಲ್ಲಿ ಬಂಧಿಸಿದವರನ್ನು ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಮಾಡಿಸದಿದ್ದರೆ ಬಿಡುಗಡೆ ಮಾಡಬೇಕು. ಶಿವಮೊಗ್ಗ ಪೇಟೆಯಲ್ಲಿ ಇದು ಕಷ್ಟವಲ್ಲ, ಮೆಗ್ಗಾನ್ ಆಸ್ಪತ್ರೆ ಊರೊಳಗೇ ಇದೆ. ಶರಾವತಿ ಹಿನ್ನೀರಿನ ಆಚೆಯ ಊರುಗಳಲ್ಲಿ, ಹೊಸನಗರದ ಒಳಭಾಗದಲ್ಲಿ, ಮಳೆಗಾಲದ ರಾತ್ರಿ ಎರಡು ಗಂಟೆ ಅನ್ನುವುದು ಸಣ್ಣ ಅವಧಿ. ಹೀಗಿರುವಾಗ ಸ್ಥಳದಲ್ಲೇ ಸರಿಯಾದ ಯಂತ್ರ ಇರುವುದು ಎಷ್ಟು ಮುಖ್ಯ ನೋಡಿ.

ಆಸ್ಪತ್ರೆಯಲ್ಲಿ ವೈದ್ಯರು ಉಸಿರಿನ ವಾಸನೆ, ಮಾತು, ನಡಿಗೆ, ಪಾಪೆ, ನಾಡಿ ಎಲ್ಲ ನೋಡಿ ಬರೆಯುತ್ತಾರೆ. 'ಮದ್ಯ ಸೇವಿಸಿದ್ದಾರೆ, ಆದರೆ ಅಮಲಿನಲ್ಲಿಲ್ಲ' ಅನ್ನುವ ಅಭಿಪ್ರಾಯವೂ ಬರಬಹುದು. ಅದು ಚಾಲಕರನ್ನು ಉಳಿಸುತ್ತದೆ ಅಂತ ತಿಳಿಯಬೇಡಿ. ಮದ್ಯದ ಮಟ್ಟಿಗೆ ಕಾಯ್ದೆ ಕೇಳುವುದು ಅಂಕಿಯನ್ನು, ಅಮಲನ್ನಲ್ಲ. ಗಾಂಜಾದಂಥ ಮಾದಕ ವಸ್ತುವಿನ ವಿಷಯದಲ್ಲಿ ಮಾತ್ರ ಅದು ತಿರುಗಾಮುರುಗಾ. ಅಲ್ಲಿ ಅಂಕಿಯ ಮಿತಿ ಇಲ್ಲ, ಗಾಡಿಯನ್ನು ಹತೋಟಿಯಲ್ಲಿಡಲು ಆಗದ ಸ್ಥಿತಿ ಇತ್ತು ಅಂತ ತೋರಿಸಬೇಕು. ರಕ್ತ ತೆಗೆಯುವಾಗ ಚರ್ಮ ಒರೆಸಲು ಸ್ಪಿರಿಟ್ ಬಳಸಬಾರದು, ಅದೇ ಮದ್ಯವಾಗಿ ಅಂಕಿ ಕೆಡಿಸುತ್ತದೆ. ರಕ್ತ ಬಾಟಲಿಯಲ್ಲೇ ಹುದುಗದಂತೆ ಸೋಡಿಯಂ ಫ್ಲೋರೈಡ್ ಹಾಕಿ, ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಮಹಿಳೆಯಾದರೆ ಮಹಿಳಾ ವೈದ್ಯರೇ ತೆಗೆಯಬೇಕು, ಇಲ್ಲವೇ ಮತ್ತೊಬ್ಬ ಮಹಿಳೆ ಎದುರಿಗಿರಬೇಕು.

ಆಮೇಲೆ

ಈ ಕೇಸಿನಲ್ಲಿ ರಸ್ತೆಯಲ್ಲೇ ದಂಡ ಕಟ್ಟಿ ಮುಗಿಸುವ ದಾರಿ ಇಲ್ಲ. ಹೆಲ್ಮೆಟ್, ಸಿಗ್ನಲ್ ಥರದ್ದಲ್ಲ ಇದು. ಕೋರ್ಟಿಗೇ ಹೋಗಬೇಕು. ಸ್ಥಳದಲ್ಲೇ ಇಷ್ಟು ಕೊಡಿ, ಮುಗಿಸೋಣ ಅಂತ ಯಾರಾದರೂ ಅಂದರೆ ಅದು ಕಾಯ್ದೆಯ ಮಾತಲ್ಲ. 2019ರ ಸೆಪ್ಟೆಂಬರ್ 1ರಿಂದ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ 15,000 ದಂಡ, ಇಲ್ಲವೇ ಎರಡೂ. ಲೈಸೆನ್ಸನ್ನು ಪೊಲೀಸರು ತಗೊಂಡು ಆರ್‌ಟಿಒಗೆ ಕಳಿಸುತ್ತಾರೆ. ಅದಕ್ಕೆ ರಸೀದಿ ಕೊಡಬೇಕು, ಕೇಳಿ ತಗೊಳ್ಳಿ. ಆದರೆ ಆ ರಸೀದಿ ಹಿಡಿದು ಗಾಡಿ ಓಡಿಸುವಂತಿಲ್ಲ. ಆಟೊ, ಟ್ಯಾಕ್ಸಿ, ಪಿಕಪ್ ಓಡಿಸಿ ಮನೆ ನಡೆಸುವವರಿಗೆ ದಂಡಕ್ಕಿಂತ ಈ ಹೊಡೆತವೇ ದೊಡ್ಡದು. ಟ್ರ್ಯಾಕ್ಟರ್ ಕೂಡ ಮೋಟಾರು ವಾಹನವೇ, ತೋಟದಿಂದ ಮನೆಗೆ ಅಷ್ಟೇ ಅಂತ ರಸ್ತೆಗೆ ಇಳಿಸಿದರೂ ಇದೇ ಕಾಯ್ದೆ. ಹಿಂದೆ ಕೂತವರು ಕುಡಿದಿದ್ದರೆ ಈ ಸೆಕ್ಷನ್ ಅವರಿಗೆ ತಾಗುವುದಿಲ್ಲ.

ಇನ್ಶೂರೆನ್ಸ್ ವಿಷಯದಲ್ಲಿ ಕತೆ ಬೇರೆ. ಕ್ರಿಮಿನಲ್ ಕೇಸಿನಲ್ಲಿ ಅಂಕಿಯಿಲ್ಲದ ವಾಸನೆಗೆ ಬಲ ಕಡಿಮೆ ಅಂದೆವು. 2007ರಲ್ಲಿ ದೆಹಲಿಯಲ್ಲಿ ಒಂದು ಪೋರ್ಷೆ ಕಾರು ಫುಟ್‌ಪಾತ್‌ಗೆ ಬಡಿದು, ಮಗುಚಿ, ಹೊತ್ತಿಕೊಂಡಿತ್ತು. ಚಾಲಕ ಊದಿರಲಿಲ್ಲ, ರಕ್ತ ಪರೀಕ್ಷೆಯೂ ಆಗಿರಲಿಲ್ಲ. ವಾಸನೆ ಇತ್ತು ಅಂತ ವೈದ್ಯರ ದಾಖಲೆ ಇತ್ತು. 2021ರಲ್ಲಿ ಸುಪ್ರೀಂ ಕೋರ್ಟ್ ಆ ವಾಸನೆಯನ್ನೂ ಅಪಘಾತ ನಡೆದ ರೀತಿಯನ್ನೂ ಸೇರಿಸಿ ನೋಡಿ, ಕಾರಿನ ಪರಿಹಾರ ನಿರಾಕರಿಸಿದ ಇಫ್ಕೋ ಟೋಕಿಯೊ ಕಂಪನಿಯ ನಿಲುವನ್ನು ಎತ್ತಿಹಿಡಿಯಿತು. ಅಂಕಿ ಇಲ್ಲದೆಯೂ ಬೇರೆ ಸಾಕ್ಷ್ಯದಿಂದ ಕುಡಿತವನ್ನು ಕಂಪನಿ ಸಾಬೀತು ಮಾಡಬಹುದು ಅಂದಿತು. ರಸ್ತೆಯಲ್ಲಿ ಕಂಡದ್ದು, ಮೂಗಿಗೆ ಬಂದದ್ದು ಅಲ್ಲಿ ತೂಕದ ಸಾಕ್ಷ್ಯವಾಯಿತು.

ಕಾಯ್ದೆಯಲ್ಲಿ ಯಾರೂ ಓದದ ಇನ್ನೊಂದು ಸೆಕ್ಷನ್ ಇದೆ, 188. ಕುಡಿದು ಓಡಿಸಲು ಕುಮ್ಮಕ್ಕು ಕೊಟ್ಟವರಿಗೂ ಓಡಿಸಿದವರಷ್ಟೇ ಶಿಕ್ಷೆ. ಕುಡಿದಿದ್ದಾರೆ ಅಂತ ಗೊತ್ತಿದ್ದೂ 'ಏನಾಗಲ್ಲ, ನೀನೇ ಓಡಿಸು' ಅಂತ ಕೀ ಕೊಟ್ಟ ಮಾಲೀಕ, ಹುರಿದುಂಬಿಸಿ ಕಳಿಸಿದ ಗೆಳೆಯ ಇದರ ಅಡಿ ಬರಬಹುದು. ಬೀಗರೂಟ ಇಟ್ಟುಕೊಂಡ ಮನೆಯವರು ಬಂದವರ ಗಾಡಿ ಕೀಗಳನ್ನು ಮೊದಲೇ ಇಸಿದುಕೊಂಡು, ಕುಡಿಯದ ಇಬ್ಬರು ಹುಡುಗರನ್ನು ಓಡಿಸಲು ಗೊತ್ತು ಮಾಡಿಟ್ಟರೆ ಸಾಕು. ಯಾರಿಗೂ ಕಷ್ಟವಾಗುವುದಿಲ್ಲ. ರಾತ್ರಿ ಉಳಿಯಲು ಚಾಪೆ ಹಾಸಿಕೊಡುವುದು ಮಲೆನಾಡಿನ ಮನೆಗಳಿಗೆ ಹೊಸದೇನೂ ಅಲ್ಲ. ಬೆಳಿಗ್ಗೆ ಕೀ ವಾಪಸ್ ಕೊಡುವಾಗ ಮಾತ್ರ ಆ ಗಂಟೆಗೆ 15ರ ಲೆಕ್ಕವನ್ನು ಇನ್ನೊಮ್ಮೆ ಹಾಕಿ, ತಿಂಡಿ ತಿನ್ನಿಸಿ, ಬೇಕಿದ್ದರೆ ಮಧ್ಯಾಹ್ನದವರೆಗೂ ಉಳಿಸಿಕೊಳ್ಳಿ.